ಮಾತಿನ ಬೇರು ಕಿವಿಯಲ್ಲಿದೆ

ಎರಡು ವರ್ಷ ತುಂಬಿದರೂ ಕೂಸು 'ಅವ್ವಾ' ಅನ್ನಲಿಲ್ಲವೆಂದರೆ ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಮನೆಗಳಲ್ಲಿ ಹಿರಿಯರು ಮೊದಲು ನೋಡುವುದು ಅದರ ನಾಲಿಗೆಯನ್ನು. ಬಜಿ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. "ನಾಲಿಗಿ ದಪ್ಪ ಐತಿ, ತಾನ ಹಗುರ ಆಗತೈತಿ" ಅನ್ನುತ್ತಾರೆ. "ಅವರಪ್ಪನೂ ಹಿಂಗ ಇದ್ದ, ಮೂರು ವರ್ಷಕ್ಕ ಮಾತಾಡಿದ" ಎಂದು ತಾಯಿಗೆ ಧೈರ್ಯ ಹೇಳುತ್ತಾರೆ. ಮಮತೆಯಿಂದ ಬಂದ ಮಾತುಗಳೇ ಇವು. ಆದರೆ ಇದೇ ಧೈರ್ಯದಲ್ಲಿ ಎಷ್ಟೋ ಮಕ್ಕಳ ಮೊದಲ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಆ ಮಕ್ಕಳಲ್ಲಿ ಹಲವರ ನಾಲಿಗೆಗೆ ಏನೂ ಆಗಿರುವುದಿಲ್ಲ. ಅವರಿಗೆ ಕೇಳಿಸುವುದಿಲ್ಲ, ಅಷ್ಟೇ.

ಮಾತು ಬಾಯಲ್ಲಿ ಹುಟ್ಟುತ್ತದೆ ಎಂದು ನಂಬುವುದು ಸಹಜ, ಏಕೆಂದರೆ ಕಣ್ಣಿಗೆ ಕಾಣುವುದು ಬಾಯಿ ಮಾತ್ರ. ಮನುಷ್ಯ ಹೇಗೆ ಕೇಳುತ್ತಾನೆ, ಹೇಗೆ ನುಡಿಯುತ್ತಾನೆ ಎಂಬ ಪ್ರಶ್ನೆಯ ಹಿಂದೆ ಬಿದ್ದವರೂ ಹೀಗೆಯೇ ಬಾಯಿಂದ ಹೊರಟು ಗಂಟಲಿಗೆ ಇಳಿದು, ಕೊನೆಗೆ ಕಿವಿಗೆ ಬಂದು ಮುಟ್ಟಿದರು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಎತ್ತಿಕೊಂಡವನು ಕೇಶಿರಾಜ. ಸುಮಾರು 1260ರ ಅವನ ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆಯ ವಿವರಣೆ ಇದೆ. ಜೀವದ ಇಚ್ಛೆಯಿಂದ ನಾಭಿಮೂಲದಲ್ಲಿ ಗಾಳಿ ಏಳುತ್ತದೆ, ಕಹಳೆಯ ರೀತಿಯಲ್ಲಿ ಮೇಲೆ ಬಂದು ಶಬ್ದವಾಗುತ್ತದೆ, ಆ ಶಬ್ದ ಒಂದು ದ್ರವ್ಯ, ಅದರ ಬಣ್ಣ ಬಿಳುಪು ಎಂದು ಅವನು ಹೇಳುತ್ತಾನೆ. ಬಣ್ಣದ ಮಾತನ್ನು ಬದಿಗಿಟ್ಟು ನೋಡಿದರೆ ಇಚ್ಛೆ ಮೊದಲು, ಉಸಿರು ಆಮೇಲೆ, ಉಸಿರು ಹಾಯುವ ಕೊಳವೆಯ ಆಕಾರ ಅದರ ನಂತರ ಎಂಬ ಕ್ರಮ ಇಂದಿಗೂ ಒಪ್ಪುವಂಥದ್ದು. ಅವನಿಗಿಂತ ಬಹಳ ಹಿಂದಿನ ಪ್ರಾತಿಶಾಖ್ಯ ಮತ್ತು ಶಿಕ್ಷಾ ಗ್ರಂಥಗಳು ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಅಕ್ಷರಗಳನ್ನು ವಿಂಗಡಿಸಿದ್ದವು. ನಮ್ಮ ವರ್ಣಮಾಲೆಯ ಕ ಚ ಟ ತ ಪ ಎಂಬ ಸಾಲು ಗಂಟಲ ಕಡೆಯಿಂದ ತುಟಿಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಶಾಲೆಯ ಮಗು ಅದನ್ನು ಬಾಯಿಪಾಠ ಮಾಡುವಾಗ ತನ್ನ ಬಾಯಿಯ ಒಳನಕ್ಷೆಯನ್ನೇ ಓದುತ್ತಿರುತ್ತದೆ. ಜಗತ್ತಿನ ಬೇರೆ ಹಲವು ಲಿಪಿಗಳ ಅಕ್ಷರಕ್ರಮಕ್ಕೆ ಈ ಭಾಗ್ಯವಿಲ್ಲ.

ಇಷ್ಟಾದರೂ ಧ್ವನಿಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ಬದುಕಿದ್ದವರ ಗಂಟಲಲ್ಲಿ ಇಣುಕಿ ನೋಡಲು ಆಗಿರಲಿಲ್ಲ. ಅದನ್ನು ಕಂಡವನು ವೈದ್ಯನೂ ಅಲ್ಲ, ಸಂಗೀತದ ಗುರು. 1854ರಲ್ಲಿ ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿಗೇ ಹಿಡಿದು, ಬಿಸಿಲನ್ನು ಇನ್ನೊಂದು ಕನ್ನಡಿಯಿಂದ ಅದರ ಮೇಲೆ ಬೀಳಿಸಿ, ಹಾಡುತ್ತಿರುವ ತನ್ನ ಧ್ವನಿತಂತುಗಳನ್ನು ತಾನೇ ನೋಡಿದ. ಮರುವರ್ಷ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ. ತಂತು ಎಂದು ನಾವು ಕರೆಯುತ್ತೇವಾದರೂ ಅವು ತಂತಿಗಳಲ್ಲ, ಶ್ವಾಸನಾಳದ ಮೇಲ್ತುದಿಯಲ್ಲಿ ಎದುರುಬದುರಾಗಿರುವ ಎರಡು ಮೃದುವಾದ ಮಾಂಸದ ಮಡಿಕೆಗಳು. ಗಂಡಸರಲ್ಲಿ ಅವು ಸುಮಾರು ಎರಡು ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಇನ್ನೂ ಗಿಡ್ಡ.

ಆ ಮಡಿಕೆಗಳನ್ನು ಅಲುಗಿಸುವುದು ಯಾವುದು ಎಂಬುದರ ಬಗ್ಗೆ ಇನ್ನೊಂದು ಶತಮಾನ ವಾದ ನಡೆಯಿತು. ಪ್ರತಿ ಕಂಪನಕ್ಕೂ ಮಿದುಳಿನಿಂದ ಒಂದೊಂದು ಆಜ್ಞೆ ಬರುತ್ತದೆಂದು ವಾದಿಸಿದವರೂ ಇದ್ದರು. 1958ರಲ್ಲಿ ವಾನ್ ಡೆನ್ ಬರ್ಗ್ ಎಂಬ ಡಚ್ ವಿಜ್ಞಾನಿ ಮಂಡಿಸಿದ ವಿವರಣೆ ಗೆದ್ದಿತು. ಮಿದುಳು ಮಡಿಕೆಗಳನ್ನು ಹತ್ತಿರ ತಂದು ಬಿಗಿ ಮಾಡಿ ಬಿಡುತ್ತದೆ. ಶ್ವಾಸಕೋಶದ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ. ಗಾಳಿ ಹರಿದಾಗ ನಡುವಿನ ಒತ್ತಡ ಇಳಿದು, ಮಡಿಕೆಗಳ ಸ್ವಂತ ಬಿಗಿತವೂ ಸೇರಿ, ಅವು ಮತ್ತೆ ಮುಚ್ಚುತ್ತವೆ. ಗಂಡಸರಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ 200ರ ಆಸುಪಾಸು, ಚಿಕ್ಕ ಮಕ್ಕಳಲ್ಲಿ 300ರ ಸುಮಾರು. ಭಜನೆಯ ಹಾರ್ಮೋನಿಯಂ ನೋಡಿದವರಿಗೆ ಇದರ ಅರ್ಧ ಆಗಲೇ ಗೊತ್ತು: ತಿದಿ ಗಾಳಿ ಊದುತ್ತದೆ, ಒಳಗಿನ ಹಿತ್ತಾಳೆಯ ಪಟ್ಟಿ ಅಲುಗಿ ಸ್ವರ ಬರುತ್ತದೆ. ಹಾರ್ಮೋನಿಯಂಗೆ ಸ್ವರ ಬರುತ್ತದೆ, ಮಾತು ಬರುವುದಿಲ್ಲ. ಏಕೆಂದರೆ ಅದಕ್ಕೆ ಬಾಯಿ ಇಲ್ಲ.

ಬಾಯಿಯ ಕೆಲಸವನ್ನು ಲೆಕ್ಕ ಹಾಕಿ ತೋರಿಸಿದವನು ಸ್ವೀಡನ್ನಿನ ಗುನ್ನಾರ್ ಫಾಂಟ್, 1960ರಲ್ಲಿ. ಗಂಟಲಿನಿಂದ ಬರುವ ದನಿ ಹಲವು ಕಂಪನಗಳ ಒಂದು ಕಟ್ಟು. ನಾಲಿಗೆ, ದವಡೆ, ತುಟಿ ನಿಂತ ಭಂಗಿಗೆ ತಕ್ಕಂತೆ ಆ ಕಟ್ಟಿನ ಕೆಲವು ಭಾಗಗಳಿಗೆ ಬಲ ಬರುತ್ತದೆ, ಕೆಲವು ಅಡಗುತ್ತವೆ. 'ಅ' ಮತ್ತು 'ಇ'ಗಳನ್ನು ಒಂದೇ ಶ್ರುತಿಯಲ್ಲಿ ಹಾಡಿದರೂ ಬೇರೆಬೇರೆಯಾಗಿ ಕೇಳುವುದು ಇದರಿಂದಲೇ. ನಮ್ಮ ಭಾಗದವರು ಬೇಡ ಎನ್ನುವಾಗ 'ಬ್ಯಾಡ' ಎನ್ನುತ್ತಾರೆ, ಮೇಲೆ ಎನ್ನಲು 'ಮ್ಯಾಲ', ಹೇಗೆ ಎನ್ನಲು 'ಹ್ಯಾಂಗ'. ಅಲ್ಲಿ ಬರುವ ಸ್ವರ ಏ ಅಲ್ಲ, ಆ ಕೂಡ ಅಲ್ಲ. ದವಡೆ ಇಳಿದಿರುತ್ತದೆ, ನಾಲಿಗೆ ಮಾತ್ರ ಮುಂದೆ ಚಾಚಿಕೊಂಡಿರುತ್ತದೆ. ವರ್ಣಮಾಲೆಯಲ್ಲಿ ಅದಕ್ಕೊಂದು ಸ್ವಂತ ಅಕ್ಷರವಿಲ್ಲದಿದ್ದರೂ ವಿಜಯಪುರದ ಯಾವ ಕಿವಿಯೂ ಅದನ್ನು ತಪ್ಪಾಗಿ ಕೇಳುವುದಿಲ್ಲ. ಹಳಗನ್ನಡದ 'ಪಾಲ್' 'ಹಾಲು' ಆದದ್ದೂ ಬಾಯಿಯ ಕಥೆಯೇ. ತುಟಿ ಮುಚ್ಚುವ ಶ್ರಮವನ್ನು ಬಾಯಿಗಳು ತಲೆಮಾರಿನಿಂದ ತಲೆಮಾರಿಗೆ ಬಿಡುತ್ತಾ ಬಂದು ಕೊನೆಗೆ ಬರೀ ಉಸಿರು ಉಳಿಯಿತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಆ ಉಸಿರೂ ಹೋಗಿ 'ಆಲು' ಆಯಿತು. ನಮ್ಮಲ್ಲಿ ಹ ಗಟ್ಟಿಯಾಗಿ ಉಳಿದಿದೆ. ಕನ್ನಡದ ಧ್ವನಿಗಳನ್ನು ಯಂತ್ರದಿಂದ ಅಳೆಯುವ ಕೆಲಸ 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ ನಡೆಯಿತು. ಅಲ್ಲಿ ಬಿ.ಬಿ. ರಾಜಪುರೋಹಿತರು ಮಾಡಿದ ಕೆಲಸ ಇಂದಿಗೂ ಆಧಾರವಾಗಿದೆ. ಉತ್ತರದ ಜಿಲ್ಲೆಗಳ ಆಡುಮಾತಿನ ಮೇಲೆ ಇಂಥ ಕೆಲಸ ಇನ್ನೂ ಬಹಳಷ್ಟು ಆಗಬೇಕು.

ಇನ್ನು ಕಿವಿ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸುವುದು ಇದೇ.

ಶಬ್ದದ ನಡತೆಯನ್ನು ಕಣ್ಣಾರೆ ಅನ್ನುವಷ್ಟು ಸ್ಪಷ್ಟವಾಗಿ ತಿಳಿಯಲು ನಮ್ಮ ವಿಜಯಪುರ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಅಷ್ಟು ಅಂತರವಿದ್ದರೆ ನಮ್ಮ ಕಿವಿ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಎಣಿಸಬಲ್ಲದು. ಅದಕ್ಕೇ ಒಂದು ಚಪ್ಪಾಳೆ ಅಲ್ಲಿ ಹಲವು ಚಪ್ಪಾಳೆಯಾಗುತ್ತದೆ. ಸಣ್ಣ ಕೋಣೆಯಲ್ಲೂ ಪ್ರತಿಧ್ವನಿ ಇರುತ್ತದೆ, ಆದರೆ ಅದು ಬೇಗ ಮರಳುವುದರಿಂದ ಕಿವಿ ಅದನ್ನು ಮೂಲ ಸದ್ದಿನೊಳಗೇ ಸೇರಿಸಿಬಿಡುತ್ತದೆ. ಪಿಸುಮಾತು ಗೋಡೆಗುಂಟ ಓಡುವುದರ ಬಗ್ಗೆ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದಾಗ ಗೋಲಗುಮ್ಮಟವನ್ನೂ ಸೇರಿಸಿಕೊಂಡಿದ್ದರು. ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಬಾಗಿದ ಗೋಡೆಯನ್ನೇ ಅಪ್ಪಿಕೊಂಡು ಸಾಗುತ್ತದೆ, ನಡುವಿನ ಬಯಲಿಗೆ ಚದುರುವುದಿಲ್ಲ.

ಗಾಳಿಯ ಈ ಅಲೆ ಕಿವಿಯ ತಮಟೆಗೆ ಬಡಿದಾಗ ಅದರ ಮುಂದೆ ಒಂದು ತೊಡಕಿದೆ. ಒಳಕಿವಿಯಲ್ಲಿ ಇರುವುದು ದ್ರವ. ದಂಡೆಯ ಮೇಲೆ ಎಷ್ಟು ಕೂಗಿದರೂ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗು ಹಾಕಿದವನಿಗೆ ಕೇಳುವುದು ಕಷ್ಟ, ಏಕೆಂದರೆ ಗಾಳಿಯ ಸದ್ದು ನೀರಿಗೆ ಬಡಿದಾಗ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಚಿಮ್ಮುತ್ತದೆ. ಈ ತೊಡಕನ್ನು ನಡುಗಿವಿಯ ಮೂರು ಪುಟ್ಟ ಎಲುಬುಗಳು ಬಿಡಿಸುತ್ತವೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಹೆಸರಿನ ಇವುಗಳಲ್ಲಿ ಕೊನೆಯದು ನಮ್ಮ ಮೈಯ ಅತಿ ಚಿಕ್ಕ ಎಲುಬು, ಮೂರು ಮಿಲಿಮೀಟರಿನಷ್ಟು. ತಮಟೆಯ ದೊಡ್ಡ ಹರವಿನ ಒತ್ತಡವನ್ನೆಲ್ಲ ಅವು ಹದಿನೇಳು ಪಟ್ಟು ಚಿಕ್ಕದಾದ ಒಂದು ಕಿಂಡಿಗೆ ತಂದು ಒತ್ತುತ್ತವೆ. ಸನ್ನೆಯ ಬಲವೂ ಸೇರಿ ಒತ್ತಡ ಇಪ್ಪತ್ತು ಪಟ್ಟು ಮೀರುತ್ತದೆ.

ಕಿಂಡಿಯ ಆಚೆಗೆ ಎರಡೂವರೆ ಸುತ್ತಿನ ಶಂಖವಿದೆ. ಸುರುಳಿ ಬಿಚ್ಚಿದರೆ ಸುಮಾರು 35 ಮಿಲಿಮೀಟರ್. ಅದರ ಬುಡದಲ್ಲಿ ಕೀಚು ದನಿಗಳೂ ತುದಿಯಲ್ಲಿ ದಪ್ಪ ದನಿಗಳೂ ಬೇರ್ಪಡುತ್ತವೆ ಎಂದು ಹಂಗೇರಿಯ ಗೇಯಾರ್ಗ್ ಫಾನ್ ಬೇಕೇಶಿ ತೋರಿಸಿಕೊಟ್ಟು 1961ರ ನೊಬೆಲ್ ಪಡೆದ. ಒಳಗೆ ಕೂದಲಿನಂಥ ತುದಿಗಳಿರುವ ಜೀವಕೋಶಗಳಿವೆ. ಮಿದುಳಿಗೆ ಸುದ್ದಿ ಕಳಿಸುವವು ಒಂದು ಕಿವಿಗೆ ಸುಮಾರು 3,500. ಅವಕ್ಕೆ ನೆರವಾಗಿ ಮಂದ ಸದ್ದನ್ನು ಹಿಗ್ಗಿಸುವವು ಸುಮಾರು 12,000. ಮನುಷ್ಯನಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೀವಮಾನದ ಎಲ್ಲ ಮಾತು, ಹಾಡು, ಎಚ್ಚರಿಕೆಗಳಿಗೂ ಇಷ್ಟೇ ಬಂಡವಾಳ.

1978ರಲ್ಲಿ ಡೇವಿಡ್ ಕೆಂಪ್ ಇನ್ನೊಂದು ಸಂಗತಿ ಕಂಡುಹಿಡಿದ. ಆರೋಗ್ಯವಂತ ಕಿವಿಗೆ ಸದ್ದು ಹೋದಾಗ ಒಳಗಿನ ಹಿಗ್ಗಿಸುವ ಕೋಶಗಳು ಅಲುಗಿ, ಅತಿ ಮಂದವಾದ ಒಂದು ಸದ್ದನ್ನು ಹೊರಕ್ಕೆ ಕಳಿಸುತ್ತವೆ. ಅಂದರೆ ಕಿವಿ ಉತ್ತರ ಕೊಡುತ್ತದೆ. ಇವತ್ತು ಹುಟ್ಟಿದ ಕೂಸು ಮಲಗಿದ್ದಾಗ ಅದರ ಕಿವಿಗೆ ಪುಟ್ಟ ಬಿರಡೆಯಿಟ್ಟು, ಕೆಲವೇ ನಿಮಿಷಗಳಲ್ಲಿ ಒಳಗಿವಿ ಸರಿಯಿದೆಯೇ ಎಂದು ಹೇಳುವ ಓಎಇ ಪರೀಕ್ಷೆ ಹುಟ್ಟಿದ್ದು ಈ ಶೋಧದಿಂದ. ಸೂಜಿಯಿಲ್ಲ, ನೋವಿಲ್ಲ, ಕೂಸು ಉತ್ತರ ಹೇಳಬೇಕಾಗಿಲ್ಲ.

ಕೂಸಿನ ಮೊದಲ ವರ್ಷಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಬಲವಾದ ಕಾರಣವಿದೆ. ಏಳನೆಯ ತಿಂಗಳ ಹೊತ್ತಿಗೆ ಬಸುರಿನಲ್ಲಿರುವ ಕೂಸಿಗೆ ಕೇಳಿಸುತ್ತಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸುತ್ತದೆ ಎಂದು 1980ರಲ್ಲೇ ಪ್ರಯೋಗ ತೋರಿಸಿತ್ತು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ನಡೆಸಿದ ಪ್ರಯೋಗವಂತೂ ನಮಗೆ ಬಹಳ ಹತ್ತಿರದ್ದು. ಹಿಂದಿಯ ತ ಮತ್ತು ಟಗಳ ವ್ಯತ್ಯಾಸವನ್ನು ಅವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಅದೇ ಸಾಮರ್ಥ್ಯ ಬಹುಪಾಲು ಕರಗಿಹೋಗಿತ್ತು, ಏಕೆಂದರೆ ಅವರ ಮನೆಯಲ್ಲಿ ಆ ವ್ಯತ್ಯಾಸ ಬಳಕೆಯಲ್ಲಿ ಇರಲಿಲ್ಲ. ಕನ್ನಡದ ಕೂಸು ಅದನ್ನು ಉಳಿಸಿಕೊಳ್ಳುತ್ತದೆ. ಕತ್ತು ಬೇರೆ, ಕಟ್ಟು ಬೇರೆ ಎಂದು ಅದಕ್ಕೆ ಯಾರೂ ಕಲಿಸುವುದಿಲ್ಲ. ಅವ್ವ, ಆಯಿ, ಅಜ್ಜ ಮನೆಯಲ್ಲಿ ಮಾತಾಡುತ್ತಿದ್ದರೆ ಸಾಕು. ಮೊದಲ ಹನ್ನೆರಡು ತಿಂಗಳಲ್ಲಿ ಕೂಸು ಒಂದೂ ಪದ ಆಡದೆ ಒಂದು ಭಾಷೆಯ ಧ್ವನಿಗಳನ್ನೆಲ್ಲ ಕಿವಿಯಿಂದ ಕಟ್ಟಿಕೊಂಡಿರುತ್ತದೆ. ಕೇಳದ ಕೂಸೂ ಮೊದಲ ಕೆಲವು ತಿಂಗಳು ಗುಟುರು ಹಾಕುತ್ತದೆ, ನಗುತ್ತದೆ, ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಕೇಳುವ ಕೂಸು ಹತ್ತು ತಿಂಗಳೊಳಗೆ 'ಬಾಬಾ', 'ದಾದಾ' ಎಂದು ಅಕ್ಷರ ಜೋಡಿಸುತ್ತದೆ, ಕೇಳದ ಕೂಸು ಅಲ್ಲಿಗೇ ನಿಲ್ಲುತ್ತದೆ.

ದೊಡ್ಡವರಾದ ಮೇಲೂ ಬಾಯಿ ಕಿವಿಯ ಅಂಕೆಯಲ್ಲೇ ಇರುತ್ತದೆ. ಸಂತೆಯ ಗದ್ದಲದಲ್ಲಿ ನಮಗೆ ಗೊತ್ತಿಲ್ಲದೆಯೇ ದನಿ ಏರುವುದನ್ನು 1911ರಲ್ಲಿ ಫ್ರಾನ್ಸಿನ ಲೊಂಬಾರ್ ಎಂಬ ವೈದ್ಯ ಗುರುತಿಸಿದ. ಮೊಬೈಲಿನಲ್ಲಿ ಮುದ್ರಿಸಿಕೊಂಡ ನಮ್ಮ ದನಿ ನಮಗೇ ಪರಕೀಯವಾಗಿ ಕೇಳುತ್ತದೆ, ಏಕೆಂದರೆ ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಎಲುಬಿನ ಮೂಲಕವೂ ಕಿವಿ ಸೇರಿ ತುಸು ದಪ್ಪಗಾಗಿರುತ್ತದೆ.

ದನಿಗೆ ಪೆಟ್ಟಾದರೆ ದಾರಿಗಳಿವೆ. ನಮ್ಮ ಕಡೆಯ ಸಂಗೀತಗಾರರ ಬದುಕೇ ಇದಕ್ಕೆ ಸಾಕ್ಷಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಇಪ್ಪತ್ತಮೂರರ ಸುಮಾರಿಗೆ ಕ್ಷಯ ಬಂತು. ಹಾಡಬಾರದೆಂದು ವೈದ್ಯರು ತಡೆದರು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್‌ನಿಂದ ಚೇತರಿಸಿಕೊಂಡು 1953ರಲ್ಲಿ ವೇದಿಕೆಗೆ ಮರಳುವಾಗ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸ ಬಿಟ್ಟಿತ್ತು. ಸಣ್ಣ ಉಸಿರಿನ ಚೂಪಾದ ತಾನುಗಳಲ್ಲಿ ಅವರು ಹೊಸ ಗಾಯನವನ್ನೇ ಕಟ್ಟಿದರು. ಎಳೆತನದಲ್ಲಿ ತೆಳುದನಿಯವರಾಗಿದ್ದ ಗಂಗೂಬಾಯಿ ಹಾನಗಲ್ ಅವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಗಂಭೀರವಾಯಿತು. ಅವರು ಆ ದನಿಯಲ್ಲೇ ಕಿರಾಣಾ ಘರಾಣೆಯ ಶಿಖರ ಏರಿದರು. ಇಬ್ಬರಿಗೂ ಹಳೆಯ ದನಿ ಕೈಕೊಟ್ಟಾಗ ಹೊಸ ದನಿಯನ್ನು ಅಳೆದು ತಿದ್ದಲು ಕಿವಿ ಗಟ್ಟಿಯಾಗಿತ್ತು ಎಂಬುದನ್ನು ಮರೆಯಬಾರದು. ದಿನವಿಡೀ ಕೂಗಿ ಪಾಠ ಮಾಡುವ ನಮ್ಮ ಶಿಕ್ಷಕರ ಗಂಟಲು ಒಡೆಯುವುದೂ ದನಿಯ ಗಾಯವೇ. ಮೂರು ವಾರ ದಾಟಿದ ಗೊಗ್ಗರು ದನಿಯನ್ನು ವೈದ್ಯರಿಗೆ ತೋರಿಸಬೇಕು.

ಕಿವಿಯ ಗಾಯಕ್ಕೆ ಅಷ್ಟು ದಾರಿಗಳಿಲ್ಲ. ಸದ್ದಿನಿಂದ ಆದ ಗಾಯವಂತೂ ಮಾಯುವುದೇ ಇಲ್ಲ. 85 ಡೆಸಿಬಲ್ಲಿನ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದೆಂದು ಲೆಕ್ಕ. ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಕಾಲು ತಾಸು ಮಾತ್ರ. ಒಂದು ಕೈಯಳತೆ ದೂರದಲ್ಲಿರುವವರ ಜೊತೆ ಕೂಗಿಯೇ ಮಾತಾಡಬೇಕಾಗಿ ಬಂದರೆ ಅಲ್ಲಿ 85 ದಾಟಿದೆ ಎಂದು ತಿಳಿಯಬಹುದು. ರಬಕವಿ-ಬನಹಟ್ಟಿಯ ಪವರ್‌ಲೂಮ್ ನೇಕಾರರು ಜೀವಮಾನವಿಡೀ ಅದರೊಳಗೇ ದುಡಿಯುತ್ತಾರೆ. ಮದುವೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಡಿಜೆ ಪೆಟ್ಟಿಗೆಗಳನ್ನು ಪೇರಿಸಿ, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅದರ ಮುಂದೆ ಕುಣಿಯುವುದು ಈಗ ಎಲ್ಲ ಊರಿನ ವಾಡಿಕೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹಗಲಿನ ಡಿಜೆ ಕೂಡ ಮಗುವಿನ ಕಿವಿಗೆ ಅಷ್ಟೇ ಅಪಾಯ. ಸದ್ದು ಮೊದಲು ಕೊಲ್ಲುವುದು ಕೀಚು ದನಿಯ ಕೋಶಗಳನ್ನು. ಮುಪ್ಪೂ ಅಲ್ಲಿಂದಲೇ ತಿನ್ನುತ್ತಾ ಬರುತ್ತದೆ. ಸ್ವರಗಳ ಬಲವಿರುವುದು ದಪ್ಪ ದನಿಯಲ್ಲಿ, ಸ, ಶ, ತಗಳ ಗುರುತಿರುವುದು ಕೀಚು ದನಿಯಲ್ಲಿ. ಅದಕ್ಕೇ ನಮ್ಮ ಅಜ್ಜಂದಿರು "ಕೇಳಸತೈತಿ, ತಿಳಿಯಂಗಿಲ್ಲ" ಅನ್ನುತ್ತಾರೆ. ಅದು ನಿಖರವಾದ ವರದಿ. ಅವರ ಮುಂದೆ ಕೂಗಬೇಡಿ, ಎದುರು ಕುಳಿತು ನಿಧಾನವಾಗಿ ಮಾತಾಡಿ.

ಮಕ್ಕಳ ಕಿವುಡಿಗೆ ಕಾರಣಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಮಕ್ಕಳ ಶ್ರವಣದೋಷದಲ್ಲಿ ಸುಮಾರು ಶೇ. 60ರಷ್ಟನ್ನು ತಡೆಯಬಹುದು. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸುವುದು ತಡೆಯ ಒಂದು ದಾರಿ. ಬಸುರಿಯರಿಗೆ ಬಂದರೆ ಕೂಸಿನ ಕಿವಿ ಕೆಡಿಸುವ ರುಬೆಲ್ಲಾಗೆ ಲಸಿಕೆ ಇನ್ನೊಂದು. ದೇಶದ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇನ್ನೊಂದು ಕಾರಣವನ್ನು ಆಡಲು ನಮ್ಮವರು ಹಿಂಜರಿಯುತ್ತಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಕಾಲುಭಾಗಕ್ಕೂ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ಆಗಿದ್ದವು. ಹುಟ್ಟುಕಿವುಡಿಗೆ ಕಾರಣವಾಗುವ ಜೀನ್ ದೋಷಗಳು ಹಲವು ಸಲ ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದು, ಎರಡೂ ಕೂಡಿದಾಗ ಮಗುವಿನಲ್ಲಿ ಹೊರಬೀಳುತ್ತವೆ. ಒಂದೇ ಮನೆತನದಲ್ಲಿ ಹೀಗೆ ಕೂಡುವ ಸಂಭವ ಹೆಚ್ಚು. ಇದನ್ನು ಶಾಪವೆನ್ನುವುದಾಗಲಿ, ತಾಯಿಯ ತಪ್ಪೆನ್ನುವುದಾಗಲಿ ಕ್ರೌರ್ಯ.

ನೆರವು ಎಲ್ಲಿದೆ? ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ರಾಜ್ಯದ ಮೈಸೂರಿನಲ್ಲೇ ಇದೆ. ನಿಡಗುಂದಿಯಿಂದ ಅದು 500 ಕಿಲೋಮೀಟರಿಗೂ ದೂರ. ವಿಜಯಪುರ ಮತ್ತು ಬಾಗಲಕೋಟೆಯ ವೈದ್ಯಕೀಯ ಕಾಲೇಜುಗಳ ಕಿವಿ-ಮೂಗು-ಗಂಟಲು ವಿಭಾಗಗಳು ಹತ್ತಿರ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲಿ ಬಂತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಕಿವಿಯನ್ನೂ ನೋಡಬೇಕು. ಐದು ವರ್ಷದೊಳಗಿನ ಹುಟ್ಟುಕಿವುಡು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲು ಕೇಂದ್ರದ ಎಡಿಐಪಿ ಯೋಜನೆಯ ನೆರವಿದೆ. ಸಾವಿರಾರು ಕೋಶಗಳ ಕೆಲಸವನ್ನು ಇಪ್ಪತ್ತೆರಡರಷ್ಟು ವಿದ್ಯುದ್ವಾರಗಳಿಂದ ಮಾಡಿಸುವ ಯಂತ್ರ ಅದು. ಅದು ಕೊಡುವ ಸದ್ದಿಗೆ ಅರ್ಥ ಕಟ್ಟಿಕೊಳ್ಳಲು ಮಗುವಿಗೆ ವರ್ಷಗಟ್ಟಲೆ ತರಬೇತಿ ಬೇಕು. ಆಪರೇಷನ್ ಆದ ಮೇಲೆ ತರಬೇತಿಗೆ ಬರಲಾಗದೆ ಕೈಬಿಟ್ಟವರ ಯಂತ್ರ ಮನೆಯ ಮೂಲೆ ಸೇರುತ್ತದೆ. ಯೋಜನೆಗಳು ಯಂತ್ರಕ್ಕೆ ಕೊಟ್ಟಷ್ಟು ಗಮನವನ್ನು ತರಬೇತಿಯ ಓಡಾಟಕ್ಕೆ ಕೊಟ್ಟಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯಂತ್ರ ಒಲ್ಲದ, ಒಗ್ಗದ ಮಕ್ಕಳಿಗೆ ಸಂಜ್ಞಾಭಾಷೆ ಇದೆ. ಅದಕ್ಕೆ ತನ್ನದೇ ವ್ಯಾಕರಣವಿದೆ ಎಂದು 1960ರಲ್ಲೇ ವಿಲಿಯಂ ಸ್ಟೋಕೋ ತೋರಿಸಿದ. ದೆಹಲಿಯಲ್ಲಿ 2015ರಿಂದ ಭಾರತೀಯ ಸಂಜ್ಞಾಭಾಷೆಯ ಸಂಶೋಧನಾ ಕೇಂದ್ರವಿದೆ. ಮಗುವಿಗೆ ಮೊದಲ ವರ್ಷಗಳಲ್ಲಿ ಒಂದು ಪೂರ್ಣ ಭಾಷೆ ದಕ್ಕಲೇಬೇಕು, ಅದು ಕಿವಿಯಿಂದ ಬರಲಿ, ಕೈಯಿಂದ ಬರಲಿ. 'ಮೂಗ' ಎಂದು ಕರೆದು ಮೂಲೆಗೆ ಕೂರಿಸುವ ರೂಢಿ ನಮ್ಮ ಊರುಗಳಿಂದ ಹೋಗಬೇಕು.

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ತಪಾಸಣೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಜಗತ್ತು ಒಪ್ಪಿದ ಕ್ರಮ. 2018ರಲ್ಲಿ ಹೊಸ ತಾಲ್ಲೂಕಾದ ನಿಡಗುಂದಿ ಸೇರಿ ಪ್ರತಿ ತಾಲ್ಲೂಕಿನಲ್ಲಿ ಹೆರಿಗೆಯಾಗುವ ಸರ್ಕಾರಿ ಆಸ್ಪತ್ರೆಯಲ್ಲೂ ಒಂದು ಓಎಇ ಯಂತ್ರ, ಅದನ್ನು ನಡೆಸಬಲ್ಲ ಒಬ್ಬರು ಇರಬೇಕೆಂದು ಜನಪ್ರತಿನಿಧಿಗಳನ್ನು ಕೇಳಿ. ಅದು ಬರುವವರೆಗೆ ಕಾಯಬೇಡಿ. ಮೂರು ತಿಂಗಳ ಕೂಸು ಬಾಗಿಲು ಬಡಿದ ಸಪ್ಪಳಕ್ಕೆ ಬೆಚ್ಚದಿದ್ದರೆ, ಆರೇಳು ತಿಂಗಳಿಗೆ ದನಿ ಬಂದ ಕಡೆ ತಿರುಗದಿದ್ದರೆ, ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ನೋಡದಿದ್ದರೆ, ಆ ವಾರವೇ ಕಿವಿಯ ವೈದ್ಯರ ಬಳಿ ಕರೆದೊಯ್ದು "ಕಿವಿ ಪರೀಕ್ಷೆ ಮಾಡ್ರಿ" ಎಂದು ಬಾಯಿಬಿಟ್ಟು ಕೇಳಿ.